ಇಪ್ಪತ್ತೊಂದನೆಯ ಸಾಲು

ಮೂರನೆಯ ಮಹಡಿಯ ಸೂಚನಾ ಫಲಕದಲ್ಲಿ ಆ ಕಾಗದ ಕಾಣಿಸಿಕೊಂಡದ್ದು ಒಂದು ಸೋಮವಾರ. ‘ಯೀಸ್ಟ್ ಜೀವಕೋಶ ವಿಜ್ಞಾನದಲ್ಲಿ ಪಿಎಚ್.ಡಿ. ಸಂಶೋಧನೆಗೆ ಅವಕಾಶ. ಸ್ಥಾನ: ಒಂದು.’ ಆ ಸ್ಥಾನ ಖಾಲಿಯಾದದ್ದು ಹೇಗೆ ಎಂಬುದನ್ನು ಕಾಗದ ಹೇಳುತ್ತಿರಲಿಲ್ಲ. ಹಿಂದಿನ ವಿದ್ಯಾರ್ಥಿಯ ಹುಬ್ಬಿಗೆ ಐದು ಹೊಲಿಗೆ ಬಿದ್ದಿತ್ತು. ಅದೇನೂ ಅರ್ಹತೆಗಳ ಪಟ್ಟಿಯಲ್ಲಿ ಬರುವ ಸಂಗತಿಯಲ್ಲ.

ಹೊಲಿಗೆಗೆ ಕಾರಣರಾದವರು ಪ್ರಯೋಗಾಲಯದ ಮುಖ್ಯಸ್ಥರು. ಐದಡಿ ಎರಡಂಗುಲದ ಆ ಮನುಷ್ಯನನ್ನು ಎಲ್ಲರೂ ‘ದೊಡ್ಡವರು’ ಎನ್ನುತ್ತಿದ್ದರು. ಯೀಸ್ಟು ಹೇಗೆ ಮುದಿಯಾಗುತ್ತದೆ ಎಂಬ ವಿಷಯದಲ್ಲಿ ಅವರದು ದೊಡ್ಡ ಹೆಸರು. ಕೋಪ ಬಂದಾಗ ಕೈಗೆ ಸಿಕ್ಕ ಗಾಜನ್ನು ಬೀಸುವ ವಿಷಯದಲ್ಲಿ ಅದಕ್ಕಿಂತ ದೊಡ್ಡದು. ಅಲ್ಲಿ ಗಾಜು ತೊಳೆದು, ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಮುದುಕನಿಗೆ, ಆವಿಯ ಯಂತ್ರ ದಿನವಿಡೀ ಬುಸುಗುಡುತ್ತಿದ್ದುದರಿಂದ, ಕುಕ್ಕರ್ ಮಾಮ ಎಂದು ಹೆಸರು. ಮಾಮ ಇಪ್ಪತ್ತು ವರ್ಷದ ಅನುಭವದಲ್ಲಿ ಒಂದು ವ್ಯವಸ್ಥೆ ಕಂಡುಕೊಂಡಿದ್ದ. ಬಿರುಕುಬಿಟ್ಟ ಫ್ಲಾಸ್ಕುಗಳನ್ನು ಬಿಸಾಡದೆ ದೊಡ್ಡವರ ಬಲಗೈಗೆ ಎಟುಕುವಂತೆ ಸಾಲಾಗಿ ಜೋಡಿಸಿಡುತ್ತಿದ್ದ.

“ಹೇಗೂ ಒಡೆಯೋರು ಒಡೀತಾರೆ. ಒಡೆಯೋಕೆ ಲಾಯಕ್ಕಾಗಿರೋದೇ ಒಡೀಲಿ,” ಎನ್ನುತ್ತಿದ್ದ. ಹುಬ್ಬುಗಳ ಬಗ್ಗೆ ಅವನಿಗೆ ಅಭಿಪ್ರಾಯವಿರಲಿಲ್ಲ. ಅವನ ಜವಾಬ್ದಾರಿ ಗಾಜಿನದು.

ಸೂಚನಾ ಫಲಕದ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವಳು ಸೂಜಿ. ಎರಡು ವರ್ಷದಿಂದ ಅಲ್ಲೇ ಸಹಾಯಕಿ. ಆ ಹೆಸರು ಮೈ ನೋಡಿ ಇಟ್ಟದ್ದಲ್ಲ, ಮೈಕಟ್ಟಿನಲ್ಲಿ ಅವಳು ಅಮ್ಮನ ಹಾಗೆ ಗಟ್ಟಿಮುಟ್ಟು. ಕೈ ನೋಡಿ ಇಟ್ಟದ್ದು. ಮೈಕ್ರೋಸ್ಕೋಪಿನ ಕೆಳಗೆ, ಕೂದಲೆಳೆಯಷ್ಟು ಸಣ್ಣ ಗಾಜಿನ ಸೂಜಿಯಿಂದ ಒಂದು ಯೀಸ್ಟ್ ಕೋಶವನ್ನು ಇನ್ನೊಂದರಿಂದ ಬಿಡಿಸುವುದರಲ್ಲಿ ಅವಳನ್ನು ಮೀರಿಸುವ ಕೈ ಆ ಕಟ್ಟಡದಲ್ಲಿರಲಿಲ್ಲ. ಕೈ ಪಳಗಿದ್ದು ಅಮ್ಮನ ಮಾಂಸದಂಗಡಿಯಲ್ಲಿ. ಗಂಡ ತೀರಿಕೊಂಡ ವಾರಕ್ಕೆ ಮಾಂಸ ಕಡಿಯುವ ಕೊರಡಿನ ಮುಂದೆ ನಿಂತ ಅಮ್ಮ ಇಪ್ಪತ್ತೆರಡು ವರ್ಷವಾದರೂ ಅಲ್ಲಿಂದ ಕದಲಿರಲಿಲ್ಲ. “ಮೂಳೆ ಬಿಡಿಸೋಕೆ ಶಕ್ತಿ ಬೇಡ ಕಣೇ. ಕೀಲು ಎಲ್ಲಿದೆ ಅಂತ ಗೊತ್ತಿದ್ರೆ ಸಾಕು,” ಎಂದು ಹೇಳಿಕೊಟ್ಟೇ ಮಗಳನ್ನು ಬೆಳೆಸಿದ್ದಳು.

ಸೂಜಿಯ ಸಹಾಯಕಿ ಕೆಲಸ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಸಂಶೋಧನೆಗೆ ಸೇರುವ ವಯಸ್ಸಿನ ಮಿತಿಯೂ ಅದೇ ವರ್ಷಕ್ಕೆ ಮುಗಿಯುತ್ತಿತ್ತು. ಈ ಕುರ್ಚಿ ತಪ್ಪಿದರೆ ಉಳಿಯುವುದು ಕೊರಡು.

“ಡಾಕ್ಟರ್ ಆದ್ಮೇಲೆ ಯಾರಿಗೆ ಔಷಧಿ ಕೊಡ್ತೀಯೇ?” ಎಂದು ಅಮ್ಮ ಕೇಳಿದ್ದಳು.

“ಯಾರಿಗೂ ಇಲ್ಲಮ್ಮ. ಯೀಸ್ಟು ಹೇಗೆ ಸಾಯುತ್ತೆ ಅಂತ ನೋಡೋದು.”

“ಸಾಯೋದನ್ನ ನೋಡೋಕೆ ಅಷ್ಟು ವರ್ಷ ಓದ್ಬೇಕಾ? ಅಂಗಡಿಗೆ ಬಾ, ದಿನಾ ತೋರಿಸ್ತೀನಿ.”

ಹೀಗೆ ಅಂದವಳೇ ಗಿರಾಕಿಗಳ ಮುಂದೆ ಮಾತ್ರ ಬೇರೆ ರಾಗ ತೆಗೆಯುತ್ತಿದ್ದಳು. ಮಗಳು ಡಾಕ್ಟರಾಗುತ್ತಾಳೆ ಎಂಬುದನ್ನು ಪಕ್ಕೆಲುಬಿನ ಜೊತೆಗೆ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು.

ಕುರ್ಚಿಗೆ ಇನ್ನೊಬ್ಬ ಆಕಾಂಕ್ಷಿ ಇದ್ದ. ಪ್ರಯೋಗಾಲಯ ತನ್ನ ಮಾವನ ಮನೆಯೋ ಎಂಬಂತೆ ಓಡಾಡುತ್ತಿದ್ದುದರಿಂದ ಅವನಿಗೆ ‘ಅಳಿಯ’ ಎಂದು ಹೆಸರು. ಬಂದ ಕೂಡಲೇ ಕಾಫಿ ಎಲ್ಲಿ ಎನ್ನುವುದು, ಇನ್ನೊಬ್ಬರ ಸ್ಟೂಲಿನ ಮೇಲೆ ಕಾಲಿಡುವುದು. ಬುದ್ಧಿವಂತ, ದುಡಿಯುವವ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಒಮ್ಮೆ ಹಣ ನುಂಗಿ ತಿಂಡಿ ಕೊಡದ ಯಂತ್ರಕ್ಕೆ ಗುದ್ದಿ ಎರಡು ಗೆಣ್ಣು ಸುಲಿದುಕೊಂಡಿದ್ದ. ಯಂತ್ರ ಸೋತು ತಿಂಡಿ ಕೊಟ್ಟಿತ್ತು. ಆ ಗೆಲುವು ಅವನಿಗೆ ಒಳ್ಳೆಯದು ಮಾಡಲಿಲ್ಲ.

ದೊಡ್ಡವರು ಇಬ್ಬರನ್ನೂ ಕರೆದು ಒಂದೇ ಬಗೆಯ ಯೀಸ್ಟನ್ನು ಕೊಟ್ಟರು. ಅದರ ಒಂದು ಜೀನನ್ನು ಅವರೇ ಕಿತ್ತುಹಾಕಿದ್ದರು. ಹಾಗೆ ಕಿತ್ತರೆ ಯೀಸ್ಟು ಹೆಚ್ಚು ಕಾಲ ಬಾಳುತ್ತದೆ ಎಂಬುದು ಅವರ ಹತ್ತು ವರ್ಷದ ಹಟ.

“ನನಗೆ ಅಚ್ಚಾಗುವಂಥ ಪೇಪರು ಕೊಟ್ಟವರಿಗೆ ಕುರ್ಚಿ. ಕಿತ್ತಾಡಿಕೊಳ್ಳಿ,” ಎಂದರು.

ಕೆಲಸ ಹೀಗೆ. ಯೀಸ್ಟಿನ ತಾಯಿಕೋಶ ಮೈಯಿಂದ ಒಂದು ಮೊಗ್ಗು ಬಿಡುತ್ತದೆ. ಮೊಗ್ಗು ದಪ್ಪಗಾಗಿ ಮಗಳಾಗುತ್ತದೆ. ಸೂಜಿಯಿಂದ ಮಗಳನ್ನು ಬಿಡಿಸಿ ದೂರ ತಳ್ಳಿ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ಒಂದೂವರೆ ಗಂಟೆಗೆ ಇನ್ನೊಂದು ಮಗಳು, ಇನ್ನೊಂದು ಸಾಲು. ಸಂಜೆ ಇಂಥ ಹಲವು ತಾಯಂದಿರಿರುವ ಪ್ಲೇಟನ್ನು ಫ್ರಿಜ್ಜಿನಲ್ಲಿ ಮಲಗಿಸಿ ಬೆಳಿಗ್ಗೆ ಎಬ್ಬಿಸಬೇಕು. ಸಾಮಾನ್ಯವಾಗಿ ಇಪ್ಪತ್ತೈದು ಹೆತ್ತು ತಾಯಿ ಸಾಯುತ್ತಾಳೆ. ತೊಡಕು ಒಂದೇ: ಮುದಿ ತಾಯಿಗೆ ಹುಟ್ಟುವ ಮಗಳು ಹುಟ್ಟುತ್ತಲೇ ತಾಯಿಯಷ್ಟು ದೊಡ್ಡವಳು. ಯಾರು ಯಾರೆಂದು ತಿಳಿಯದಿದ್ದರೆ ಕಾಯಬೇಕು. ಮುಂದಿನ ಮೊಗ್ಗನ್ನು ಮೊದಲು ಬಿಡುವವಳೇ ತಾಯಿ. ಕಾಯದೆ ಅವಸರ ಮಾಡಿದರೆ ತಾಯಿಯನ್ನು ಆಚೆ ತಳ್ಳಿ ಮಗಳನ್ನು ಇಟ್ಟುಕೊಂಡ ಹಾಗಾಗುತ್ತದೆ. ಆಮೇಲೆ ಮಗಳ ಹೆರಿಗೆಗಳೂ ತಾಯಿಯ ಲೆಕ್ಕಕ್ಕೇ ಸೇರುತ್ತವೆ.

ಯಾರೂ ತಮ್ಮ ಪ್ಲೇಟನ್ನು ಮುದ್ದು ಮಾಡಬಾರದೆಂದು ದೊಡ್ಡವರು ಪಾಳಿ ಹಾಕಿದ್ದರು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನದ ಮೇಲೆ ಇನ್ನೊಬ್ಬರು, ಇಬ್ಬರ ಪ್ಲೇಟುಗಳನ್ನೂ ನೋಡಬೇಕು. ಪ್ರತಿ ಸಾಲಿನ ಕೊನೆಗೆ ಮಾಡಿದವರ ಗುರುತು ಇರಬೇಕು. ಸೂಜಿಯದು ಒಂದು ನೇರ ಗೀಟು. ಅಳಿಯನದು ಬಾಲವಿರುವ ಸುರುಳಿ.

ಎರಡನೆಯ ವಾರದ ಒಂದು ಬೆಳಿಗ್ಗೆ ಸೂಜಿ ಅಳಿಯನ ಪ್ಲೇಟಿನ ಮೇಲೆ ಬಗ್ಗಿದ್ದಾಗ ದೊಡ್ಡವರಿಗೆ ಫೋನಿನಲ್ಲಿ ಯಾರ ಮೇಲೋ ಕೋಪ ಬಂತು. ಫ್ಲಾಸ್ಕು ಅವಳ ತಲೆಯಿಂದ ಒಂದು ಗೇಣು ಮೇಲೆ ಗೋಡೆಗೆ ಬಡಿದು ಚೂರಾಯಿತು. ಕತ್ತಿನೊಳಗೆ, ಕೂದಲೊಳಗೆ ಗಾಜು. ಕಿವಿಯ ಹಿಂದಿನಿಂದ ರಕ್ತ ಇಳಿದು ಕಾಲರು ಒದ್ದೆಯಾಯಿತು. ಅವಳು ಒಂದು ಕೈಯಿಂದ ಗಾಜು ಕೊಡವಿಕೊಂಡು, ಇನ್ನೊಂದು ಕೈಯಿಂದ ಕೆಲಸ ಮುಗಿಸಿ, ಸಾಲು ಬರೆದು ಎದ್ದಳು. ಕುಕ್ಕರ್ ಮಾಮ ಪೊರಕೆ ತಂದು, “ಬಿರುಕಿನದೇ ಬಿಡು, ನಷ್ಟ ಇಲ್ಲ,” ಎಂದು ಸಮಾಧಾನ ಹೇಳಿದ.

ಮೂರನೆಯ ವಾರಕ್ಕೆ ಸೂಜಿಯ ಪ್ಲೇಟಿನ ತಾಯಂದಿರೆಲ್ಲ ಸತ್ತರು. ಇಪ್ಪತ್ತನಾಲ್ಕು, ಇಪ್ಪತ್ತಾರು, ಇಪ್ಪತ್ತೈದು. ಜೀನು ಕಿತ್ತಿದ್ದರೂ ಸಾವು ತನ್ನ ಹೊತ್ತಿಗೇ ಬಂದಿತ್ತು. ಅಳಿಯನ ಪ್ಲೇಟಿನಲ್ಲೂ ಒಬ್ಬಳನ್ನು ಬಿಟ್ಟು ಉಳಿದವರು ಹೋದರು. ಆ ಒಬ್ಬಳು ಮೂವತ್ತು ದಾಟಿದಳು, ಮೂವತ್ತೈದು ದಾಟಿದಳು. ಇಡೀ ಮಹಡಿ ಅವಳನ್ನು ‘ಅಜ್ಜಿ’ ಎನ್ನತೊಡಗಿತು. ದೊಡ್ಡವರು ಮೂರು ದಿನ ಏನನ್ನೂ ಎಸೆಯಲಿಲ್ಲ. ಮಾಮನಿಗೆ ಫ್ಲಾಸ್ಕಿಡಲು ಜಾಗ ಸಾಲಲಿಲ್ಲ.

ಸೂಜಿ ಅಜ್ಜಿಯನ್ನು ಮತ್ತೆ ಮತ್ತೆ ನೋಡಿದಳು. ಮೂವತ್ತೆಂಟು ಹೆತ್ತವಳ ಮೈ ಸುಕ್ಕಾಗಿರಬೇಕು, ಆಕಾರ ಕೆಟ್ಟಿರಬೇಕು. ಇವಳು ನಿನ್ನೆ ಮೊನ್ನೆ ಮದುವೆಯಾದವಳಂತೆ ಮಿರಿಮಿರಿ ಮಿಂಚುತ್ತಿದ್ದಳು.

ಅಳಿಯ ಕೋಲ್ಡ್ ರೂಮಿನಲ್ಲಿ ಪ್ಲೇಟುಗಳನ್ನು ಜೋಡಿಸುತ್ತಿದ್ದ. ಕಟ್ಟಡದ ಅತ್ಯಂತ ಭಾರದ ಬಾಗಿಲು ಅದು, ಗೇಣುದ್ದ ದಪ್ಪ, ಉಕ್ಕಿನ ಅಂಚು. ಸೂಜಿ ಚೌಕಟ್ಟಿಗೆ ಬಲಗೈ ಊರಿ ಹೊಸ್ತಿಲಲ್ಲಿ ನಿಂತಳು.

“ನಿಮ್ಮಜ್ಜಿ ಅಜ್ಜಿಯಲ್ಲ ಕಣೋ. ಮಧ್ಯದಲ್ಲೆಲ್ಲೋ ತಾಯಿನ ಎತ್ತಿ ಮಗಳನ್ನ ಕೂರಿಸಿದ್ದೀಯ.”

“ಕೂರಿಸಿದ್ದೀಯ ಅಂದ್ರೆ?”

“ಬೇಕಂತಲೇ. ಕುರ್ಚಿಗೋಸ್ಕರ.”

“ಇನ್ನೊಂದು ಸಲ ಹೇಳು.”

“ಕಳ್ಳ ಅಂತ ಹೇಳ್ತೀನಿ. ಎಷ್ಟು ಸಲ ಬೇಕು?”

ಅವನು ಪ್ಲೇಟುಗಳನ್ನು ಕೆಳಗಿಟ್ಟ. ಒಳಗಿನಿಂದ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಎಳೆದ. ಒಣಕಟ್ಟಿಗೆ ಮುರಿದ ಸದ್ದಾಯಿತು. ಅವಳ ಬಾಯಿಂದ ಸದ್ದೇ ಬರಲಿಲ್ಲ. ಉಸಿರು ಸಿಕ್ಕಿಕೊಂಡಿತ್ತು. ಬಾಗಿಲು ಸ್ವಲ್ಪ ತೆರೆಯಿತು. ಬೆರಳುಗಳು ತೆರೆದ ಸಂದಿಯಲ್ಲೇ ಇದ್ದವು, ಅವಳ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನು ಮತ್ತೊಮ್ಮೆ ಎಳೆದ. ಆಮೇಲೆ ಅವಳು ಕಿರುಚಿದ್ದು ಕೆಳಗಿನ ಮಹಡಿಗೂ ಕೇಳಿಸಿತು. ಅವನು ಹೊರಗೆ ಬಂದು ತಾನು ಮಾಡಿದ್ದನ್ನು ನೋಡಿ ಕಸದ ಬುಟ್ಟಿಗೆ ವಾಂತಿ ಮಾಡಿಕೊಂಡ.

ತೋರುಬೆರಳು, ನಡುಬೆರಳು, ಉಂಗುರ ಬೆರಳು. ಆಸ್ಪತ್ರೆಯಲ್ಲಿ ತಂತಿ ಹಾಕಿ ಕಟ್ಟಿದರು. ಅಪಘಾತದ ಪುಸ್ತಕದಲ್ಲಿ ದೊಡ್ಡವರೇ ಬರೆದರು: ‘ಕೋಲ್ಡ್ ರೂಮಿನ ಬಾಗಿಲು, ಗಾಳಿ.’ ಕಿಟಕಿಯಿಲ್ಲದ ಕೋಣೆಗೆ ಗಾಳಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಸೂಜಿಯೂ ಅದನ್ನೇ ಅಮ್ಮನಿಗೆ ಹೇಳಿದಳು. ಗಲಾಟೆ ಮಾಡಿದವರಿಗೆ ಕುರ್ಚಿ ಕೊಟ್ಟ ಉದಾಹರಣೆ ಅವಳು ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಸೇಡು ಬೇರೆ ಬಗೆಯಲ್ಲಿ ಬೇಕಿತ್ತು.

ಸಂದರ್ಶನ ಇದ್ದದ್ದು ಒಂಬತ್ತನೆಯ ದಿನ. ಹೊರಡುವ ಮುಂಚೆ ಎಕ್ಸ್-ರೇ ಚೀಲಕ್ಕೆ ಹಾಕುತ್ತಿದ್ದಾಗ ಅಮ್ಮ ಅದನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಇಪ್ಪತ್ತೆರಡು ವರ್ಷ ಮೂಳೆ ನೋಡಿದ ಕಣ್ಣು.

“ಗಾಳಿ ಅಂದ್ಯಲ್ಲ?”

“ಹೂಂ.”

“ಗಾಳಿಗೆ ಬಾಗಿಲು ಒಂದು ಸಲ ಬಡಿಯುತ್ತೆ. ಇಲ್ಲಿ ಎರಡು ಗೆರೆ ಇದೆ. ಮೊದಲನೇದು ಸೀಳಿದೆ, ಎರಡನೇದು ಪುಡಿ ಮಾಡಿದೆ.” ಅಮ್ಮನ ದನಿ ಏರಲಿಲ್ಲ. “ಯಾವನು?”

“ಅಮ್ಮ, ಇವತ್ತು ಬೇಡ. ಇವತ್ತು ನನ್ನ ದಿನ.”

“ನಿನ್ನ ದಿನ ನೀನು ನೋಡ್ಕೋ,” ಎಂದು ಅಮ್ಮ ಎಕ್ಸ್-ರೇ ಹಿಂದಿರುಗಿಸಿದಳು.

ಸಂದರ್ಶನಕ್ಕೆ ಕೋಣೆ, ಮೇಜು, ಹೂದಾನಿ ಏನೂ ಇರಲಿಲ್ಲ. ದೊಡ್ಡವರು ತಮ್ಮ ಬೆಂಚಿನ ಮುಂದೆ ಕೂತು, ಎದುರಿಗೆ ಇಬ್ಬರನ್ನೂ ನಿಲ್ಲಿಸಿಕೊಂಡರು. ಅಳಿಯ ಹೊಸ ಅಂಗಿ ಹಾಕಿದ್ದ, ಅವಳ ಕೈಯ ಕಡೆ ನೋಡುತ್ತಿರಲಿಲ್ಲ.

“ಹೇಳೋದೇನಾದ್ರೂ ಇದ್ಯಾ?” ಎಂದರು ದೊಡ್ಡವರು.

“ಹೇಳೋದಿಲ್ಲ ಸಾರ್, ತೋರಿಸೋದಿದೆ. ಅಜ್ಜಿಗೆ ಬಣ್ಣ ಹಾಕ್ಬೇಕು.”

ಯೀಸ್ಟಿನ ತಾಯಿ ಪ್ರತಿ ಮಗಳನ್ನು ಬಿಟ್ಟಾಗಲೂ ಮೈಮೇಲೆ ಬಳೆಯಂಥ ಒಂದು ಗಾಯದ ಗುರುತು ಉಳಿಯುತ್ತದೆ. ಹೊಳೆಯುವ ಬಣ್ಣ ಹಾಕಿದರೆ ಆ ಬಳೆಗಳನ್ನು ಎಣಿಸಬಹುದು. ಮೂವತ್ತೆಂಟು ಹೆತ್ತವಳಿಗೆ ಮೂವತ್ತೆಂಟು ಗುರುತು ಇರಬೇಕು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಣ್ಣ ಹಾಕಿದರೆ ಅವಳ ಪ್ರಯೋಗ ಅಲ್ಲಿಗೇ ಮುಗಿಯುತ್ತದೆ; ಅಜ್ಜಿಯನ್ನು ಕಳೆದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ.

ಬೆರಳು ಮುರಿದ ದಿನದಿಂದ ಅಜ್ಜಿಯ ಪ್ಲೇಟು ಫ್ರಿಜ್ಜಿನಲ್ಲೇ ಮಲಗಿತ್ತು. ಸೂಜಿ ಎಡಗೈಯಲ್ಲಿ ಅಜ್ಜಿಯನ್ನು ಎತ್ತಿ ಗಾಜಿನ ಪಟ್ಟಿಗೆ ಸಾಗಿಸಿದಳು. ನಲವತ್ತು ನಿಮಿಷ ಹಿಡಿಯಿತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಪರದೆಯ ಮೇಲೆ ಅಜ್ಜಿ ನೀಲಿಯಾಗಿ ಉರಿದಳು. ದೊಡ್ಡವರು ಒಂದೊಂದೇ ಬಳೆಯನ್ನು ಪೆನ್ನಿನ ತುದಿಯಿಂದ ಮುಟ್ಟುತ್ತ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಹದಿನೇಳು,” ಎಂದರು.

ಹತ್ತು ವರ್ಷದ ಹಟ ಇಳಿದುಹೋಗಲು ಅಷ್ಟೇ ಹೊತ್ತು ಸಾಕಾಯಿತು. ಅವರ ಕೈ ತಾನಾಗಿಯೇ ಬಲಕ್ಕೆ ಹೋಯಿತು. ಮೊದಲ ಫ್ಲಾಸ್ಕು ಅಳಿಯನ ಭುಜಕ್ಕೆ, ಎರಡನೆಯದು ಕಿವಿಗೆ ಬಡಿಯಿತು. ಕಿವಿಯ ಹಾಲೆ ಎರಡಾಗಿ ಹೊಸ ಅಂಗಿ ಕೆಂಪಾಯಿತು. ಅವನು ಸ್ಟೂಲು ಎತ್ತಿ ಬೀಸಿದ. ಅದು ಮೈಕ್ರೋಸ್ಕೋಪಿನ ದೀಪಕ್ಕೆ ತಗುಲಿ ಪರದೆ ಕತ್ತಲಾಯಿತು. “ನಾನು ಮಾಡಿಲ್ಲ! ನಾನು ಮಾಡಿಲ್ಲ!” ಎಂದು ಕೂಗುತ್ತ ಅವನು ಸೂಜಿಯ ಕುತ್ತಿಗೆಗೆ ಕೈ ಹಾಕಿದ. ಹಿಂದಿನಿಂದ ಒಂದು ಕೈ ಬಂದು ಅವನ ಕೂದಲು ಹಿಡಿಯಿತು.

ಅಮ್ಮ ಅಂಗಡಿಯ ಏಪ್ರನ್ನಿನಲ್ಲೇ ಬಂದಿದ್ದಳು.

ಅವಳು ಅವನ ಮುಖವನ್ನು ಬೆಂಚಿಗೆ ಒತ್ತಿ, ಬಲಗೈಯನ್ನು ಎಳೆದು ಹರಡಿ, ಮಣಿಕಟ್ಟಿನ ಮೇಲೆ ಮೊಣಕೈ ಊರಿದಳು. ದೊಡ್ಡ ಪ್ರಾಣಿಗಳನ್ನು ನೋಡಿದವಳಿಗೆ ಇದು ಯಾವ ಲೆಕ್ಕ. ಚೀಲದಿಂದ ಮಚ್ಚು ಬೆಂಚಿನ ಮೇಲೆ ಬಂತು. ದೊಡ್ಡವರ ಕೈಯಲ್ಲಿದ್ದ ಮೂರನೆಯ ಫ್ಲಾಸ್ಕು ಅಲ್ಲೇ ನಿಂತಿತು. ಎಸೆಯುವವರ ನಡುವೆಯೂ ಹಿರಿಯರು ಕಿರಿಯರು ಇರುತ್ತಾರೆ.

“ಇವನೇ ತಾನೆ?” ಎಂದಳು ಅಮ್ಮ.

ಸೂಜಿಯ ಕಣ್ಣು ಬೆಂಚಿನ ಮೇಲೆ ತೆರೆದು ಬಿದ್ದಿದ್ದ ಪುಸ್ತಕದ ಮೇಲಿತ್ತು. ಮೂವತ್ತೆಂಟು ಸಾಲು. ಮೈಮೇಲೆ ಗುರುತು ಹದಿನೇಳು. ಮಗಳು ತಾಯಿಯ ಜಾಗದಲ್ಲಿ ಕೂತ ಮೇಲೆ ಹದಿನೇಳು ಹೆತ್ತಿದ್ದಾಳೆ. ಅಂದರೆ ಕೂತದ್ದು ಇಪ್ಪತ್ತೊಂದನೆಯ ಸಾಲಿನಲ್ಲಿ. ಅವಳು ಕಟ್ಟು ಹಾಕಿದ ಕೈಯಿಂದಲೇ ಹಾಳೆ ಮಗುಚಿದಳು. ಇಪ್ಪತ್ತೊಂದನೆಯ ಸಾಲಿನ ಕೊನೆಗೆ ಒಂದು ನೇರ ಗೀಟು ಇತ್ತು. ಗೀಟಿನ ಪಕ್ಕದಲ್ಲಿ ಒಣಗಿ ಕಂದಾದ ಒಂದು ಚುಕ್ಕೆ ರಕ್ತ.

ಗಾಜು ಕೊಡವಿಕೊಂಡ ಬೆಳಿಗ್ಗೆ. ಅವಳು ಕಾದಿರಲಿಲ್ಲ.

ಆ ಕಳೆಯುವ ಲೆಕ್ಕವನ್ನು ಇನ್ನೂ ಯಾರೂ ಮಾಡಿರಲಿಲ್ಲ. ದೊಡ್ಡವರು ಮಚ್ಚನ್ನು ನೋಡುತ್ತಿದ್ದರು, ಅಳಿಯ ಬೆಂಚನ್ನು ನೆಕ್ಕುತ್ತಿದ್ದ. ಪುಸ್ತಕ ಮುಚ್ಚಿ ಸುಮ್ಮನಿದ್ದರೆ ಕುರ್ಚಿ ಅವಳದೇ.

“ಅಮ್ಮ, ನಿಲ್ಲು,” ಎಂದಳು. “ಅದು ನಾನು.”

“ಏನು ನೀನು?”

“ತಾಯಿ ಮಗಳನ್ನ ಅದಲು ಬದಲು ಮಾಡಿದ್ದು ಅವನಲ್ಲ. ನಾನು. ಗೊತ್ತಿಲ್ಲದೆ.” ಪುಸ್ತಕವನ್ನು ದೊಡ್ಡವರ ಕಡೆ ತಳ್ಳಿದಳು. “ಇಪ್ಪತ್ತೊಂದನೇ ಸಾಲು ಸಾರ್. ಅವತ್ತು ನೀವು ಫ್ಲಾಸ್ಕ್ ಎಸೆದಿದ್ರಿ.”

“ಯಾವತ್ತು ಎಸೆದಿಲ್ಲ?” ಎಂದರು ದೊಡ್ಡವರು. ಆದರೂ ಸಾಲನ್ನು ಓದಿದರು. ಕಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದರು.

ಬೆಂಚಿಗಂಟಿದ ಬಾಯಿಯಿಂದಲೇ ಅಳಿಯ ಅಳತೊಡಗಿದ. “ನಾನು ಹೇಳಲಿಲ್ವಾ? ಕಳ್ಳ ಅಂದ್ಲು ಆಂಟಿ, ನನ್ನ ಕಳ್ಳ ಅಂದ್ಲು.”

ಅಮ್ಮ ಮಗಳ ಕಡೆ ಒಮ್ಮೆ ತಿರುಗಿ ನೋಡಿದಳು. ಮೊಣಕೈ ಮಾತ್ರ ಅಲುಗಲಿಲ್ಲ.

“ಸರಿ, ಅದು ನನ್ನ ಮಗಳ ತಪ್ಪು. ಬೈದದ್ದೂ ತಪ್ಪು. ಬೆರಳು ಯಾರ ತಪ್ಪು?”

ಅವನು ಕಣ್ಣು ಮುಚ್ಚಿಕೊಂಡ.

“ನಿನ್ನನ್ನೇ ಕೇಳ್ತಿರೋದು. ಎಷ್ಟು ಸಲ ಎಳೆದೆ?”

“...ಎರಡು.”

“ನಿಜ ಹೇಳಿದೆ. ಅದಕ್ಕೇ ಬೆರಳು ಕೈಯಲ್ಲೇ ಇರುತ್ತೆ.” ಅಮ್ಮ ಮಚ್ಚನ್ನು ತಿರುಗಿಸಿ ಬೆನ್ನು ಕೆಳಗೆ ಮಾಡಿದಳು. “ನಾನು ಒಂದೇ ಸಲ ಹೊಡೀತೀನಿ. ನನಗೆ ಕೆಲಸ ಬರುತ್ತೆ.”

“ಅಮ್ಮ!” ಎಂದು ಸೂಜಿ ಮುಂದೆ ಬಂದಳು. ಬಂದದ್ದು ತಡವಾಯಿತು. ಬೇಕೆಂದೇ ತಡ ಮಾಡಿದಳೋ ಎಂಬುದನ್ನು ಆಮೇಲೆ ಅವಳು ತನಗೇ ಹೇಳಿಕೊಳ್ಳಲಿಲ್ಲ. ಸದ್ದು ಕೋಲ್ಡ್ ರೂಮಿನದಕ್ಕಿಂತ ಚಿಕ್ಕದಿತ್ತು, ಅಚ್ಚುಕಟ್ಟಾಗಿತ್ತು. ಮೂರು ಬೆರಳು, ಒಂದೇ ಗೆರೆ. ಅಳಿಯ ಬೆಂಚಿನಿಂದ ಜಾರಿ ಗಾಜಿನ ಚೂರುಗಳ ಮೇಲೆ ಕುಸಿದು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮಡಚಿಕೊಂಡ. ಅಮ್ಮ ಮಚ್ಚನ್ನು ಏಪ್ರನ್ನಿಗೆ ಒರೆಸಿದಳು. ಅದಕ್ಕೇನೂ ಅಂಟಿರಲಿಲ್ಲ, ಅಭ್ಯಾಸ ಅಷ್ಟೆ.

ಅಪಘಾತದ ಪುಸ್ತಕದಲ್ಲಿ ಮತ್ತೊಂದು ಸಾಲು ಸೇರಿತು: ‘ಕೋಲ್ಡ್ ರೂಮಿನ ಬಾಗಿಲು, ಗಾಳಿ.’ ಅಳಿಯನೇ ಎಡಗೈಯಲ್ಲಿ ಸಹಿ ಹಾಕಿದ. ದೂರು ಕೊಟ್ಟರೆ ಎರಡೂ ಸಾಲು ಬಿಚ್ಚಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹತ್ತು ದಿನದಲ್ಲಿ ಎರಡು ಸಲ ಒಂದೇ ಬಾಗಿಲು ಎಂದು ಆಡಳಿತ ಕಚೇರಿಯವರು ಗಾಬರಿಯಾಗಿ ಬಡಗಿಯನ್ನು ಕಳಿಸಿದರು. ಅವನು ಬಾಗಿಲನ್ನು ಇಪ್ಪತ್ತು ಸಲ ತೆರೆದು ಮುಚ್ಚಿ, “ಬಾಗಿಲಿಗೇನೂ ಆಗಿಲ್ಲ ಸ್ವಾಮಿ. ಹುಷಾರಾಗಿರಬೇಕಾದದ್ದು ನೀವು,” ಎಂದು ಹೇಳಿ ಹೋದ.

ಕುರ್ಚಿಯ ವಿಷಯ ಉಳಿಯಿತು. ದೊಡ್ಡವರು ಎರಡು ದಿನ ಬಾಗಿಲು ಹಾಕಿಕೊಂಡು ಕೂತರು. ಅವರ ಅಮರ ಅಜ್ಜಿಯನ್ನು ಹೆತ್ತದ್ದು ಅವರದೇ ಫ್ಲಾಸ್ಕು ಎಂಬುದನ್ನು ನುಂಗಲು ಅಷ್ಟು ಸಮಯ ಬೇಕಾಯಿತೆಂದು ಮಾಮನ ಅಂದಾಜು. ಮೂರನೆಯ ದಿನ ಕಟ್ಟು ಕಟ್ಟಿಕೊಂಡ ಇಬ್ಬರನ್ನೂ ಕರೆದರು.

“ಹೊಸಬರಿಗೆ ಕೈ ಪಳಗಿಸೋಕೆ ಒಂದು ವರ್ಷ ಬೇಕು. ಮುರಿದ ಬೆರಳು ಕೂಡೋಕೆ ಆರು ವಾರ. ಪೂರ್ತಿ ಕೆಲಸ ಮೊದಲಿಂದ ಆಗಬೇಕು. ನಿಮ್ಮಿಬ್ಬರಲ್ಲಿ ಯಾರ ಬಲಗೈ ಮೊದಲು ಸೂಜಿ ಹಿಡಿಯುತ್ತೋ, ಕುರ್ಚಿ ಅವರದು.”

ಇಷ್ಟು ಹೇಳಿ ಅವರು ಪುಸ್ತಕ ತೆರೆದು ಇಪ್ಪತ್ತೊಂದನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಇಪ್ಪತ್ತೊಂದರಿಂದ ಮುಂದಿನದೆಲ್ಲ ಸುಳ್ಳು, ಅಲ್ಲಿಯವರೆಗಿನದು ನಿಜ.

ನ್ಯಾಯವಾದ ಸ್ಪರ್ಧೆಯೇ ಸರಿ, ಒಂದು ವಿಷಯ ಬಿಟ್ಟು. ಸೂಜಿಯ ಬೆರಳು ಅಳಿಯನದಕ್ಕಿಂತ ಒಂಬತ್ತು ದಿನ ಮುಂಚೆ ಮುರಿದಿತ್ತು. ಅವಳ ಗೆಲುವಿನ ಆ ಒಂಬತ್ತು ದಿನವನ್ನು ಉಡುಗೊರೆ ಕೊಟ್ಟವನು ಅವನೇ. ಇದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಅವನು ಮೊದಲು ನಕ್ಕ. ಎಷ್ಟೋ ದಿನದ ಮೇಲೆ ಅವಳ ಕೈಯನ್ನು ನೇರವಾಗಿ ನೋಡಿ, “ಮೂರನೇ ಸಲ ಎಳೀಬೇಕಿತ್ತು,” ಎಂದ. ಅವಳು, “ಎಳೆದಿದ್ರೆ ಅಮ್ಮ ಮಚ್ಚು ತಿರುಗಿಸ್ತಿರಲಿಲ್ಲ,” ಎಂದಳು. ಆಮೇಲೆ ಇಬ್ಬರೂ ನಗಲಿಲ್ಲ.

ಏಳನೆಯ ವಾರದ ಮೊದಲ ಬೆಳಿಗ್ಗೆ ಸೂಜಿ ಪಿಎಚ್.ಡಿ. ವಿದ್ಯಾರ್ಥಿನಿಯ ಕುರ್ಚಿಯಲ್ಲಿ ಕೂತಳು. ನಡುಬೆರಳು ಸೊಟ್ಟಗೆ ಕೂಡಿತ್ತು. ಚಳಿಗೆ ನೋಯುತ್ತಿತ್ತು. ಕುಕ್ಕರ್ ಮಾಮ ದೊಡ್ಡವರ ಬಲಕ್ಕೆ ಫ್ಲಾಸ್ಕುಗಳನ್ನು ಜೋಡಿಸುತ್ತಿದ್ದವನು ಅವಳ ಕಡೆ ತಿರುಗಿ, “ಈ ಕುರ್ಚಿಯೋರು ನಾಕು ವರ್ಷ ಇರ್ತಾರೆ. ಅದಕ್ಕೇ ಇವತ್ತು ತೆಳು ಗಾಜೇ ಇಟ್ಟಿದ್ದೀನಿ, ಗಟ್ಟಿಯಾದ್ದೊಂದೂ ಇಲ್ಲ,” ಎಂದ. ಅವನ ಮಟ್ಟಿಗೆ ಅದು ಸ್ವಾಗತ ಭಾಷಣ.

ಹತ್ತನೆಯ ದಿನ, ಹೊಸ ಪ್ಲೇಟಿನ ಇಪ್ಪತ್ತೆರಡನೆಯ ಸಾಲು. ಸೊಟ್ಟ ಬೆರಳು ಸೂಜಿಯನ್ನು ತಿರುಗಿಸಿತು. ಎರಡು ಕೋಶ ಬೇರ್ಪಟ್ಟವು. ಒಂದೇ ಗಾತ್ರ, ಒಂದೇ ಹೊಳಪು. ಯಾರು ತಾಯಿ, ಯಾರು ಮಗಳು, ಹೇಳುವಂತಿರಲಿಲ್ಲ.

ಬೆನ್ನ ಹಿಂದೆ ದೊಡ್ಡವರ ಫೋನು ರಿಂಗಾಯಿತು. ದನಿ ಏರಿತು. ಮಾಮ ಪೊರಕೆ ಹುಡುಕಿದ. ಗೋಡೆಗೆ ಗಾಜು ಬಡಿದು ಚೂರುಗಳು ಅವಳ ಹೆಗಲ ಮೇಲೆ ಉದುರಿದವು. ಕಿವಿಯ ಹಿಂದೆ, ಹಳೆಯ ಗುರುತಿನ ಪಕ್ಕದಲ್ಲೇ, ಏನೋ ಬೆಚ್ಚಗೆ ಹರಿಯಿತು.

ಅವಳು ತಲೆ ಎತ್ತಲಿಲ್ಲ, ಕೊಡವಿಕೊಳ್ಳಲಿಲ್ಲ. ಸೂಜಿಯನ್ನು ಎರಡೂ ಕೋಶಗಳಿಂದ ದೂರ ಸರಿಸಿ, ಮೊದಲ ಮೊಗ್ಗಿಗಾಗಿ ಕಾದು ಕೂತಳು.